ನೌಕಾಪಡೆಯ ಪೈಲಟ್ ಮುಖ್ಯಸ್ಥನ ಹುದ್ದೆವರೆಗೂ ಹೋಗಬಹುದೇ?

ನಿಮ್ಮ ತಮ್ಮನಿಗೆ ನೌಕಾಪಡೆಯಲ್ಲಿ ಪೈಲಟ್ ಆಗುವ ಆಸೆ. ಆದರೆ "ಅಲ್ಲಿ ಮೇಲಕ್ಕೇರುವವರು ಹಡಗಿನವರು ಮಾತ್ರ, ಹಾರುವವರು ನಡುವೆಯೇ ನಿಂತುಬಿಡುತ್ತಾರೆ" ಅಂತ ಯಾರೋ ಹೆದರಿಸಿದ್ದಾರೆ, ಇದು ನಿಜವೇ ಅಂತ ಕೇಳಿದ್ದೀರಿ. ನಾನು ಅಧಿಕಾರಿಯಾಗಿದ್ದವನಲ್ಲ. ನೌಕಾಪಡೆಯಲ್ಲಿ ಹೆಲಿಕಾಪ್ಟರ್ ನಿರ್ವಹಣೆ ಮಾಡುತ್ತಿದ್ದ ಸೇಲರ್. ಡೆಕ್ ಮೇಲೆ ನಿಂತು ನೋಡಿದವನ ಉತ್ತರ ಅಂತಲೇ ಓದಿಕೊಳ್ಳಿ.

ಹೆದರಿಸಿದವರ ಮಾತು ಸುಳ್ಳು ಅನ್ನುವುದಕ್ಕೆ ಅಡ್ಮಿರಲ್ ಕರಂಬೀರ್ ಸಿಂಗ್ ಅವರೊಬ್ಬರ ಹೆಸರು ಸಾಕು. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮುಗಿಸಿ 1980ರ ಜುಲೈನಲ್ಲಿ ಅಧಿಕಾರಿಯಾದರು, 1982ರಲ್ಲಿ ಹೆಲಿಕಾಪ್ಟರ್ ಪೈಲಟ್ ಆಗಿ ವಿಂಗ್ಸ್, ಅಂದರೆ ಪೈಲಟ್‌ನ ಬ್ಯಾಡ್ಜ್, ಪಡೆದರು. ಚೇತಕ್ ಮತ್ತು ಜಲಾಂತರ್ಗಾಮಿ ಹುಡುಕುವ ಕಾಮೋವ್-25, ಕಾಮೋವ್-28 ಹೆಲಿಕಾಪ್ಟರ್‌ಗಳನ್ನು ಹಾರಿಸಿದರು. 2019ರ ಮೇ 31ರಂದು ನೌಕಾಪಡೆಯ ಮುಖ್ಯಸ್ಥರಾದರು. ಆ ಹುದ್ದೆಗೆ ಬಂದ ಮೊದಲ ಹೆಲಿಕಾಪ್ಟರ್ ಪೈಲಟ್ ಅವರೇ.

ಅವರಿಗಿಂತ ಮೊದಲೂ ಪೈಲಟ್‌ಗಳು ಮುಖ್ಯಸ್ಥರಾಗಿದ್ದಾರೆ, ಆದರೆ ವಿಮಾನದವರು. 1961ರ ಮೇ ತಿಂಗಳಲ್ಲಿ ವಿಮಾನವಾಹಕ ಹಡಗಾದ ಹಳೆಯ ವಿಕ್ರಾಂತ್ ಮೇಲೆ ಸೀ ಹಾಕ್ ಜೆಟ್ ಇಳಿಸಿದ ಮೊದಲ ಭಾರತೀಯ ಆರ್.ಎಚ್. ತಹಿಲಿಯಾನಿ ಮುಂದೆ ಅದೇ ವಿಕ್ರಾಂತ್‌ನ ಕ್ಯಾಪ್ಟನ್ ಆದರು, 1984ರಲ್ಲಿ ಮುಖ್ಯಸ್ಥರಾದರು. 2004ರಲ್ಲಿ ಮುಖ್ಯಸ್ಥರಾದ ಅರುಣ್ ಪ್ರಕಾಶ್ 1971ರ ಯುದ್ಧದ ಹೊತ್ತಿಗೆ ವಾಯುಪಡೆಗೆ ಎರವಲು ಹೋಗಿದ್ದರು. ಹಂಟರ್ ಯುದ್ಧವಿಮಾನ ಹಾರಿಸಿ ವೀರಚಕ್ರ ಪಡೆದ ನೌಕಾಪಡೆಯ ಮನುಷ್ಯ! ಜೆಟ್‌ನವರಿಗೆ ಸಿಗುವ ಮರ್ಯಾದೆ ಹೆಲಿಕಾಪ್ಟರಿನವರಿಗೆ ಸಿಗುತ್ತಿರಲಿಲ್ಲ ಅನ್ನುವುದು ನಮ್ಮ ಹ್ಯಾಂಗರಿನ ಹಳೆಯ ಗೊಣಗಾಟ. ಹಾಗಾಗಿ 2019ರ ಆ ಸುದ್ದಿ ನಮ್ಮಂಥವರಿಗೆ ಸ್ವಲ್ಪ ಹೆಚ್ಚೇ ಖುಷಿ ಕೊಟ್ಟಿತು. ಕರಂಬೀರ್ ಸಿಂಗ್ ಅವರಿಗಿಂತ ಸೇವೆಯಲ್ಲಿ ಹಿರಿಯರಾದ ಅಧಿಕಾರಿಯೊಬ್ಬರು ಆ ಆಯ್ಕೆಯನ್ನು ಪ್ರಶ್ನಿಸಿ ಸೇನಾ ನ್ಯಾಯಮಂಡಳಿಗೆ ಹೋಗಿದ್ದೂ ಉಂಟು, ಆದರೆ ನೇಮಕ ಬದಲಾಗಲಿಲ್ಲ.

ಇನ್ನು ನಿಮ್ಮ ತಮ್ಮ ಗಮನಿಸಬೇಕಾದ ವಿಷಯ. ಕರಂಬೀರ್ ಸಿಂಗ್ ಮೇಲಕ್ಕೆ ಹೋದದ್ದು ಹಾರಾಟ ಒಂದರಿಂದಲೇ ಅಲ್ಲ. ಕೋಸ್ಟ್ ಗಾರ್ಡ್ ಹಡಗು ಚಾಂದ್‌ಬೀಬಿ, ಕ್ಷಿಪಣಿ ಕಾರ್ವೆಟ್ (ಸಣ್ಣ ಯುದ್ಧನೌಕೆ) ವಿಜಯದುರ್ಗ್, ಆಮೇಲೆ ರಾಣಾ ಮತ್ತು ದೆಹಲಿ ಎಂಬ ಎರಡು ಡೆಸ್ಟ್ರಾಯರ್‌ಗಳು (ದೊಡ್ಡ ಯುದ್ಧನೌಕೆಗಳು), ಹೀಗೆ ನಾಲ್ಕು ಹಡಗುಗಳಿಗೆ ಕಮಾಂಡರ್ ಆಗಿದ್ದವರು ಅವರು. ವಾಯುಪಡೆಯ ಪೈಲಟ್‌ಗೆ ಈ ತಾಪತ್ರಯ ಇಲ್ಲ. ನೌಕಾಪಡೆಯಲ್ಲಿ ಪೈಲಟ್ ಕೂಡ ಮೊದಲು ನಾವಿಕ. ಬ್ರಿಜ್ (ಹಡಗು ನಡೆಸುವ ಜಾಗ) ಮೇಲೆ ರಾತ್ರಿ ವಾಚ್ ಕಾಯುವುದನ್ನು ಕಲಿಯಬೇಕು, ಕೆಲವು ವರ್ಷ ಹಾರಬೇಕು, ಮತ್ತೆ ಹಡಗಿಗೆ ಬರಬೇಕು, ಮತ್ತೆ ಹಾರಾಟದ ಸ್ಕ್ವಾಡ್ರನ್‌ಗೆ ಹೋಗಬೇಕು. ಜೊತೆಯವರು ಪೂರ್ತಿ ಸಮುದ್ರದಲ್ಲಿ ಕಳೆದ ಕಾಲದಲ್ಲಿ ಅರ್ಧವನ್ನು ಇವರು ಕಾಕ್‌ಪಿಟ್‌ನಲ್ಲಿ ಕಳೆದಿರುತ್ತಾರೆ. ಆದರೂ ಹಡಗಿನ ಕಮಾಂಡ್‌ಗೆ ಅವರ ಜೊತೆಗೇ ಪೈಪೋಟಿ. ಎಷ್ಟೋ ಒಳ್ಳೆಯ ಪೈಲಟ್‌ಗಳು ಹಾರಾಟ ಬಿಡಲು ಮನಸ್ಸಾಗದೆ ಅಲ್ಲೇ ಉಳಿಯುತ್ತಾರೆ. ನನಗೇನೂ ಅದು ಸೋಲು ಅನ್ನಿಸುವುದಿಲ್ಲ.

ಪೈಲಟ್ ಆಗಿದ್ದವನು ಹಡಗಿನ ಕ್ಯಾಪ್ಟನ್ ಆದರೆ ಏನು ಲಾಭ? ಹಡಗಿನ ಹಿಂಭಾಗದ ಪುಟ್ಟ ಡೆಕ್ ಮೇಲೆ ಹೆಲಿಕಾಪ್ಟರ್ ಇಳಿಯುವುದನ್ನು ನೋಡಿದರೆ ಗೊತ್ತಾಗುತ್ತದೆ. "ಫ್ಲೈಯಿಂಗ್ ಸ್ಟೇಷನ್ಸ್" ಅಂತ ಕೂಗು ಬಿದ್ದ ತಕ್ಷಣ ಡೆಕ್ ಮೇಲೆ ಬಟ್ಟೆ, ಕಾಗದ, ಸಡಿಲ ಬೋಲ್ಟು ಒಂದೂ ಇರಕೂಡದು. ಗಾಳಿ ಸರಿಯಾದ ಕೋನದಿಂದ ಬರಲಿ ಅಂತ ಇಡೀ ಹಡಗೇ ದಿಕ್ಕು ಬದಲಿಸುತ್ತದೆ. ಹಡಗು ಎಡಕ್ಕೆ ಬಲಕ್ಕೆ ಹೊಯ್ದಾಡುತ್ತಿರುತ್ತದೆ. ಚೇತಕ್ ಡೆಕ್ ಮೇಲೆ ತೂಗುತ್ತಾ ನಿಂತು, ಹಡಗು ಒಂದು ಗಳಿಗೆ ಸಮನಾಗುವುದನ್ನೇ ಕಾದು, ಪಟ್ಟನೆ ಕೂರುತ್ತದೆ. ನಾವು ತಿರುಗುವ ರೆಕ್ಕೆಗಳ ಕೆಳಗೆ ಬಗ್ಗಿಕೊಂಡು ಓಡಿ ಚಕ್ರ ಉರುಳದಂತೆ ಚಾಕ್ ಕೊಟ್ಟು, ಡೆಕ್‌ಗೆ ಕಟ್ಟುವ ಲ್ಯಾಷಿಂಗ್ ಬಿಗಿದು, ಹೆಬ್ಬೆರಳು ಎತ್ತುವವರೆಗೆ ಯಾರಿಗೂ ಸಮಾಧಾನವಿಲ್ಲ. ರಾತ್ರಿ, ಮಳೆ, ತಳ ಹತ್ತುತ್ತಿರುವ ಇಂಧನ, ಇವು ಸೇರಿದಾಗ ಮೇಲಿರುವವನಿಗೆ ಹೇಗಿರುತ್ತದೆ ಅಂತ ಅಲ್ಲಿ ಕೂತು ಬಂದ ಕ್ಯಾಪ್ಟನ್‌ಗೆ ಬಿಡಿಸಿ ಹೇಳಬೇಕಿಲ್ಲ. ಕಾಮೋವ್ ಹಾರಿಸಿದವರು ರಾಣಾದಂಥ ಕಾಮೋವ್ ಹೊತ್ತ ಹಡಗನ್ನು ನಡೆಸಿದ್ದು ಅದಕ್ಕೇ ನನಗೆ ತುಂಬ ಸರಿ ಅನ್ನಿಸುತ್ತದೆ. ಜಲಾಂತರ್ಗಾಮಿಯನ್ನು ಹುಡುಕುವುದರಲ್ಲಿ ಹಡಗು ಮತ್ತು ಹೆಲಿಕಾಪ್ಟರ್ ಒಂದೇ ಜೋಡಿ. ಅವರು ಎರಡೂ ಕಡೆ ಇದ್ದವರು.

ಆಮೇಲಿನದು ಬಹುಪಾಲು ಮೇಜಿನ ಕೆಲಸ. ನಮ್ಮ ಕಾರವಾರದ ನೆಲೆಯನ್ನು ಕಟ್ಟುವ ಸೀಬರ್ಡ್ ಯೋಜನೆಯ ಮಹಾನಿರ್ದೇಶಕರಾಗಿದ್ದರು, ದೆಹಲಿಯಲ್ಲಿ ಉಪಮುಖ್ಯಸ್ಥರಾಗಿದ್ದರು, ವಿಶಾಖಪಟ್ಟಣದಲ್ಲಿ ಪೂರ್ವ ಕಮಾಂಡ್ ನೋಡಿಕೊಂಡರು. ಮುಖ್ಯಸ್ಥರಾದ ಮೇಲೆ, ರಕ್ಷಣಾ ಬಜೆಟ್‌ನಲ್ಲಿ ನೌಕಾಪಡೆಯ ಪಾಲು ಶೇ. 18ರಿಂದ ಶೇ. 13ಕ್ಕೆ ಇಳಿದಿದೆ ಅಂತ ಪತ್ರಕರ್ತರ ಮುಂದೆಯೇ ಹೇಳಿದರು. 2020ರ ಕೋವಿಡ್ ಕಾಲದಲ್ಲಿ ಸಮುದ್ರ ಸೇತು ಕಾರ್ಯಾಚರಣೆಯಡಿ ಹಡಗುಗಳು ಮಾಲ್ಡೀವ್ಸ್, ಶ್ರೀಲಂಕಾ, ಇರಾನ್‌ಗಳಿಂದ 3,992 ಭಾರತೀಯರನ್ನು ಕರೆತಂದದ್ದು ಅವರ ಅವಧಿಯಲ್ಲೇ. 2021ರ ಆಗಸ್ಟ್‌ನಲ್ಲಿ ಹೊಸ ವಿಕ್ರಾಂತ್ ಮೊದಲ ಸಲ ಪರೀಕ್ಷೆಗಾಗಿ ಸಮುದ್ರಕ್ಕಿಳಿಯಿತು. ನವೆಂಬರ್ 30ಕ್ಕೆ ಅವರು ನಿವೃತ್ತರಾದರು.

ತಮ್ಮನಿಗೆ ಒಂದು ಮಾತು ಮಾತ್ರ ಈಗಲೇ ಹೇಳಿಬಿಡಿ. ಶಾರ್ಟ್ ಸರ್ವಿಸ್ ಕಮಿಷನ್ ಮೂಲಕ ನೇರ ಪೈಲಟ್ ಆಗಿ ಸೇರಬಹುದು, ಹಾರಾಟ ಬೇಗ ಸಿಗುತ್ತದೆ, ಆದರೆ ಆ ಸೇವೆಗೆ ಇಂತಿಷ್ಟೇ ವರ್ಷ ಅಂತ ಮಿತಿ ಇದೆ. ಕಮಾಂಡ್, ಅಡ್ಮಿರಲ್ ಅಂತೆಲ್ಲ ಕನಸಿದ್ದರೆ ಎನ್‌ಡಿಎಯಂಥ, ಪರ್ಮನೆಂಟ್ ಕಮಿಷನ್ (ನಿವೃತ್ತಿಯವರೆಗಿನ ಸೇವೆ) ಸಿಗುವ ದಾರಿಯನ್ನೇ ಹಿಡಿಯಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಲೇಬೇಕು. ಕಣ್ಣಿನ ಪರೀಕ್ಷೆಯನ್ನು ಅರ್ಜಿ ಹಾಕುವ ಮೊದಲೇ ಒಳ್ಳೆಯ ವೈದ್ಯರ ಹತ್ತಿರ ಮಾಡಿಸಿಕೊಳ್ಳಲಿ.