ಕಯೋಟಿಗೂ ಅಳಿಲಿಗೂ ಒಂದೇ ರೈಫಲ್ ಸಾಕಾ?

ಆಸ್ಟಿನ್ ಹೊರಗೆ 12 ಎಕರೆ ಜಾಗ, ಒಂದಷ್ಟು ಆಡು, ಕೋಳಿ. ರಾತ್ರಿ ಕಯೋಟಿ (ಅಮೆರಿಕದ, ನರಿಯಂಥ ಕಾಡುಪ್ರಾಣಿ) ಕಾಟ, ಹಗಲು ಅಳಿಲು, ಕೊಟ್ಟಿಗೆಯಲ್ಲಿ ಇಲಿ. ಎಲ್ಲಕ್ಕೂ ಒಂದೇ ರೈಫಲ್ ಆಗುತ್ತಾ, ಅಂಗಡಿಯವನು ಹೇಳಿದ .22-250 (ಅತಿವೇಗದ ತೋಟಾದ ಒಂದು ಅಳತೆ) ತಗೊಳ್ಳಲಾ ಅಂತ ಕೇಳಿದ್ದೀರಿ. ನಾನೂ ಟೆಕ್ಸಸ್‌ನಲ್ಲೇ ಆಡು ಸಾಕಿಕೊಂಡಿದ್ದೇನೆ, ಹಾಗಾಗಿ ಗೊತ್ತಿರುವಷ್ಟು ಹೇಳುತ್ತೇನೆ.

ಒಂದೇ ತಗೊಳ್ಳೋದಾದರೆ .223 ರೆಮಿಂಗ್ಟನ್, ಬೋಲ್ಟ್ ಆಕ್ಷನ್ (ಪ್ರತಿ ಸಲ ಕೈಯಿಂದ ಹಿಡಿ ಎಳೆದು ತೋಟಾ ಏರಿಸುವಂಥದ್ದು). ಇನ್ನೊಂದಕ್ಕೂ ದುಡ್ಡಿದ್ದರೆ ಜೊತೆಗೊಂದು .22 ಲಾಂಗ್ ರೈಫಲ್ (ಸಣ್ಣ, ಕಡಿಮೆ ಶಕ್ತಿಯ ತೋಟಾದ್ದು). .22-250 ಬೇಡ.

ಅದು ಕೆಟ್ಟ ಕೋವಿ ಅಂತಲ್ಲ. 55 ಗ್ರೇನ್ (ಸುಮಾರು ಮೂರೂವರೆ ಗ್ರಾಂ) ಗುಂಡನ್ನು .223 ಸೆಕೆಂಡಿಗೆ ಸುಮಾರು 3,200 ಅಡಿ ವೇಗದಲ್ಲಿ ಕಳಿಸಿದರೆ ಇದು 3,600 ದಾಟಿಸುತ್ತದೆ. ಪಶ್ಚಿಮ ಟೆಕ್ಸಸ್‌ನ ಬಟ್ಟಬಯಲಲ್ಲಿ 300-400 ಗಜಕ್ಕೆ ಹೊಡೆಯುವವರಿಗೆ ಆ ವೇಗ ಬೇಕು. ನಿಮಗೆ ಯಾಕೆ? 12 ಎಕರೆ ಸರಿಯಾದ ಚೌಕವಾಗಿದ್ದರೂ ಒಂದು ಬದಿ 240 ಗಜ ಅಷ್ಟೇ. ಅದರಲ್ಲಿ ಮನೆ, ಕೊಟ್ಟಿಗೆ, ಪಕ್ಕದವರ ಬೇಲಿ ಎಲ್ಲ ಕಳೆದರೆ ನಿಮಗೆ ಸಿಗೋದು ನೂರು, ನೂರೈವತ್ತು ಗಜದ ಹೊಡೆತ. ಟೆಕ್ಸಸ್‌ನಲ್ಲಿ ಬೇಟೆಯಾಡುವಾಗ ಗುಂಡು ನಿಮ್ಮ ಜಮೀನಿನ ಗಡಿ ದಾಟಿ ಹೋದರೆ ಅದೇ ಅಪರಾಧ. .22-250ರಲ್ಲಿ ಮದ್ದು ಜಾಸ್ತಿ ಉರಿಯುತ್ತದೆ, ನಳಿಗೆ ಬೇಗ ಸವೆಯುತ್ತದೆ, ತೋಟಾ ದುಬಾರಿ. .223 ತೋಟಾ ಯಾವ ಅಂಗಡಿಗೆ ಹೋದರೂ ಸಿಗುತ್ತದೆ.

ಇನ್ನು ಕಯೋಟಿ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಚಳಿಗಾಲದಲ್ಲಿ ಮೈತುಂಬ ಕೂದಲು ಬಂದು ತೋಳದ ಹಾಗೆ ಕಾಣುತ್ತದೆ, ತೂಗಿದರೆ ಹೆಚ್ಚಿನವು 10-15 ಕೆಜಿ. .223 ಧಾರಾಳವಾಗಿ ಸಾಕು. 200 ಗಜಕ್ಕೆ ಸರಿಯಾಗಿ ಬೀಳುವಂತೆ ಗುರಿ ಹೊಂದಿಸಿಟ್ಟರೆ 100 ಗಜದಲ್ಲಿ ಗುಂಡು ಒಂದೂವರೆ ಇಂಚು ಮೇಲೆ ಬೀಳುತ್ತದೆ. ಅಂದರೆ ನಿಮ್ಮ ಜಾಗದಲ್ಲಿ ಎಲ್ಲೇ ನಿಂತಿರಲಿ, ಎದೆಗೆ ಹಿಡಿದು ಹೊಡೆದರಾಯಿತು, ಲೆಕ್ಕ ಹಾಕೋದೇ ಬೇಡ. ಸ್ಕೋಪ್ (ಗುರಿ ನೋಡುವ ದುರ್ಬೀನು) 3-9 ಪಟ್ಟು ದೊಡ್ಡದಾಗಿ ತೋರಿಸುವುದು ಸಾಕು. ಮೊಲ ಕಿರುಚುವ ಸದ್ದು ಮಾಡಿ ಕರೆದಾಗ ಕಯೋಟಿ ನೇರವಾಗಿ ಬರೋದಿಲ್ಲ. ವಾಸನೆ ಹಿಡಿಯಲು ಗಾಳಿ ನಿಮ್ಮ ಕಡೆಯಿಂದ ಬೀಸುವ ಬದಿಗೆ ಸುತ್ತು ಹಾಕಿಕೊಂಡು, ಓಡುತ್ತಲೇ ಬರುತ್ತದೆ. ಆಗ ಬಾಯಲ್ಲಿ ನಾಯಿ ಥರ ಒಂದು ಸಲ 'ವೌ' ಅನ್ನಿ. ಗಕ್ಕನೆ ನಿಂತು ನಿಮ್ಮ ಕಡೆ ತಿರುಗುತ್ತದೆ. ಒಂದೆರಡು ಸೆಕೆಂಡು ಅಷ್ಟೇ. ಸ್ಕೋಪನ್ನು ದೊಡ್ಡ ಪಟ್ಟಿಗೆ ತಿರುಗಿಸಿ ಇಟ್ಟುಕೊಂಡಿದ್ದರೆ ಬರೀ ಹುಲ್ಲು ಕಾಣುತ್ತದೆ, ಕಯೋಟಿ ಎಲ್ಲಿ ಅಂತ ಹುಡುಕುವಷ್ಟರಲ್ಲಿ ಅದು ಮಾಯ!

.22 ಲಾಂಗ್ ರೈಫಲ್‌ನಲ್ಲಿ ಕಯೋಟಿಗೆ ಹೊಡೆಯಬೇಡಿ. ಸುಮ್ನೆ ಗಾಯವಾಗಿ ಓಡಿಹೋಗಿ ಎಲ್ಲೋ ನರಳಿ ಸಾಯುತ್ತದೆ. .22 ಇರೋದು ಅಳಿಲಿಗೆ, 75 ಗಜದೊಳಗೆ. ಆದರೆ ನಿಮ್ಮ ಕಡೆ ನೆಲದಲ್ಲಿ ಸುಣ್ಣಕಲ್ಲು ಜಾಸ್ತಿ ಅಲ್ವಾ? .22ರ ಸೀಸದ ಗುಂಡು ನಿಧಾನ, ಕಲ್ಲಿಗೆ ತಗುಲಿದರೆ ಪುಡಿಯಾಗದೆ ಚಿಮ್ಮುತ್ತದೆ. ಗುಂಡು ಒಂದೂವರೆ ಮೈಲಿ ಹೋಗಬಹುದು ಅಂತ ತೋಟಾ ಡಬ್ಬಿಯ ಮೇಲೇ ಬರೆದಿರುತ್ತಾರೆ. ಕಲ್ಲು ತುಂಬಾ ಇದ್ದರೆ .17 ಎಚ್‌ಎಂಆರ್ ನೋಡಿ. 17 ಗ್ರೇನಿನ ಪುಟ್ಟ ಗುಂಡು, ಬಡಿದ ಕೂಡಲೇ ಚೂರಾಗೋದೇ ಜಾಸ್ತಿ. ಬೆಲೆ ಹೆಚ್ಚು, ಗಾಳಿ ಬಂದರೆ ಪಕ್ಕಕ್ಕೆ ತಳ್ಳಿಬಿಡುತ್ತದೆ. ಏನೇ ತಗೊಳ್ಳಿ, ಗುರಿಯ ಹಿಂದೆ ಮಣ್ಣಿನ ದಿಬ್ಬ ಇಲ್ಲದಿದ್ದರೆ ಹೊಡೆಯಲೇಬೇಡಿ. ಕೊಟ್ಟಿಗೆಯ ಇಲಿಗೆ ಬೋನು ಇಡಿ, ಇಲ್ಲವೇ ಏರ್‌ಗನ್ ಸಾಕು.

ಊರಲ್ಲಿ ಜೋಡುನಳಿಗೆ ಕೋವಿ ಹಿಡಿದು ಅಭ್ಯಾಸ ಅಂದಿರಿ. ಪೊದೆ ಜಾಗದಲ್ಲಿ 30-40 ಗಜದೊಳಗೆ ಅದೂ ಒಳ್ಳೆಯದೇ, ದಪ್ಪ ಚರೆ ಹಾಕಿ.

.223 ಅಂತ ಕೊರೆದ ನಳಿಗೆಗೆ 5.56 ನೇಟೋ (ಸೈನ್ಯದವರ ಅಳತೆ) ತೋಟಾ ಹಾಕಬೇಡಿ. ನೋಡಲು ಒಂದೇ ಥರ, ಒಳಗೆ ಕೂರುತ್ತದೆ ಕೂಡ, ಆದರೆ ಒತ್ತಡ ಮಿತಿ ಮೀರಬಹುದು. ಉಲ್ಟಾ, ಅಂದರೆ 5.56 ನಳಿಗೆಗೆ .223 ತೋಟಾ ಹಾಕಿದರೆ ಪರವಾಗಿಲ್ಲ.

ಇನ್ನೊಂದು ಮಾತು. ಒಂದು ಕಯೋಟಿ ಹೊಡೆದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ನನ್ನ ಆಡುಗಳನ್ನು ಕಾಯುತ್ತಿರುವುದು ನಿಜವಾಗಿ ಗ್ರೇಟ್ ಪಿರನೀಸ್ ನಾಯಿ ಮತ್ತು ಕರೆಂಟ್ ಬೇಲಿ. ರೈಫಲ್ ಅದಾದ ಮೇಲೆ.

ನೀವು ಯಾವ ವೀಸಾದಲ್ಲಿದ್ದೀರಿ ಅಂತ ಬರೆದಿಲ್ಲ. ಎಚ್-1ಬಿ ಥರದ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಕೇಂದ್ರ ಕಾನೂನು ಸಾಮಾನ್ಯವಾಗಿ ತಡೆಯುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಆಡಿನ ಮೇಲೆ ಬಿದ್ದ ಕಯೋಟಿ ಹೊಡೆಯಲು ಟೆಕ್ಸಸ್ ಲೈಸೆನ್ಸ್ ಕೇಳೋದಿಲ್ಲ ನಿಜ, ಆದರೂ ಮೊದಲು ಲೈಸೆನ್ಸ್ ಮಾಡಿಸಿ, ಆಮೇಲೆ ಅಂಗಡಿಗೆ ಹೋಗಿ. ಅವಧಿ ಮುಗಿಯುವ ಮುಂಚೆ ಹೊಸದು ತಗೊಳ್ಳೋದನ್ನೂ ಮರೆಯಬೇಡಿ. ಗ್ರೀನ್ ಕಾರ್ಡ್ ಇದ್ದರೆ ಈ ತಲೆನೋವಿಲ್ಲ.