ಕೊಲೊರಾಡೋದ ಸಾರ್ವಜನಿಕ ಕಾಡಿನಲ್ಲಿ ಬಿಲ್ಲು ಹಿಡಿದು ಎಲ್ಕ್ ಬೇಟೆಗೆ ಹೋಗಲು ಯಾವ ಬಿಲ್ಲು ಕೊಳ್ಳಬೇಕು?

ಡೆನ್ವರ್‌ನಲ್ಲಿ ನೆಲೆಸಿರುವ ನೀವು, ಬರುವ ಸೆಪ್ಟೆಂಬರ್‌ನಲ್ಲಿ ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯ ಬೇಟೆಗೆ ಯಾವ ಕಾಂಪೌಂಡ್ ಬಿಲ್ಲು (ರಾಟೆಗಳಿರುವ ಆಧುನಿಕ ಬಿಲ್ಲು) ಒಳ್ಳೆಯದು, ಗೈಡ್‌ಗೆ ಹಣ ಕೊಟ್ಟು ಖಾಸಗಿ ಜಮೀನಿಗೆ ಹೋಗದಿದ್ದರೆ ಪ್ರಾಣಿ ಸಿಗುವುದೇ ಇಲ್ಲವೇ ಎಂದು ಕೇಳಿದ್ದೀರಿ. ಇವೇ ಎರಡು ಪ್ರಶ್ನೆಗಳ ಹಿಂದೆ ನಾನೂ ಒಂದು ಬೇಸಿಗೆಯನ್ನೆಲ್ಲ ಬಿಲ್ಲಿನ ಅಂಗಡಿಗಳಲ್ಲಿ ಕಳೆದಿದ್ದೆ. ಈಗ ಕೇಳಿದರೆ ಎರಡೂ ಮುಖ್ಯವಾದ ಪ್ರಶ್ನೆಗಳಲ್ಲ ಎನ್ನುತ್ತೇನೆ. ಇಲ್ಲಿನ ನಿಯಮದ ಪ್ರಕಾರ ಬಿಲ್ಲಿನ ಎಳೆತ, ಅಂದರೆ ಹೆದೆ ಎಳೆಯಲು ಬೇಕಾಗುವ ಬಲ, ಕನಿಷ್ಠ 35 ಪೌಂಡ್ ಇರಬೇಕು, ಬಾಣದ ತುದಿಯ ಹರಿತ ಅಲಗು (ಬ್ರಾಡ್‌ಹೆಡ್) ಕನಿಷ್ಠ 7/8 ಇಂಚು ಅಗಲವಿರಬೇಕು. ನಿಮ್ಮ ತೋಳಿಗೆ ಹೊಂದುವ, ನಿಧಾನವಾಗಿ, ಅಲುಗಾಡದೆ ಎಳೆಯಲು ಸಾಧ್ಯವಾಗುವ ಯಾವ ಬಿಲ್ಲಾದರೂ ಸಾಕು. ಬೇಟೆಯನ್ನು ನಿರ್ಧರಿಸುವುದು ಗಾಳಿ. ನನ್ನ ಮೊದಲ ಸೀಸನ್ ಕೈತಪ್ಪಿದ್ದು ಅದನ್ನು ಅರಿಯದೆ ಹೋದುದರಿಂದ.

ನಾನು ಹೋಗುವುದು ವೈಟ್ ರಿವರ್ ರಾಷ್ಟ್ರೀಯ ಅರಣ್ಯದ ಫ್ಲ್ಯಾಟ್ ಟಾಪ್ಸ್ ವನ್ಯಪ್ರದೇಶಕ್ಕೆ. ಕೊಲೊರಾಡೋದ ಅತಿದೊಡ್ಡ ಎಲ್ಕ್ ಹಿಂಡು ಇರುವುದು ಆ ಭಾಗದಲ್ಲೇ. ಸೆಪ್ಟೆಂಬರ್ ಅವುಗಳ ಬೆದೆಯ ಕಾಲ. ರಾತ್ರಿ ಹುಲ್ಲುಗಾವಲಿನಲ್ಲಿ ಮೇಯುವ ಹಿಂಡು, ಬೆಳಕು ಹರಿಯುತ್ತಿದ್ದಂತೆ ಉತ್ತರಕ್ಕೆ ಮುಖಮಾಡಿದ ಇಳಿಜಾರಿನ ದಟ್ಟವಾದ ಸ್ಪ್ರೂಸ್ ಮರಗಳ ನೆರಳಿಗೆ ಸರಿದು ಮಲಗುತ್ತದೆ. ಆ ಬೆಳಿಗ್ಗೆ ನಾನು ಪೂರ್ವ ಪಶ್ಚಿಮವಾಗಿ ಹಬ್ಬಿದ ಬೆಟ್ಟದ ಒಂದು ಏಣಿನ ಮೇಲೆ ನಿಂತಿದ್ದಾಗ, ಉತ್ತರದ ಕಾಡಿನೊಳಗಿಂದ ಗಂಡು ಎಲ್ಕ್ ಒಂದು ಕೂಗಿತು. ಮೊದಲು ಎದೆಯಾಳದ ಗುರುಗುಟ್ಟುವಿಕೆ, ಅಲ್ಲಿಂದ ಒಮ್ಮೆಗೇ ಮೇಲೇರಿ ಸಿಳ್ಳೆಯಂತೆ ತೆಳುವಾಗುವ ಸ್ವರ, ಕೊನೆಗೆ ಕೆಲವು ಗೊರಕೆಯಂಥ ಉಸಿರುಗಳು. ಅಷ್ಟು ಹತ್ತಿರದಿಂದ ಅದನ್ನು ಕೇಳಿದ್ದು ಅದೇ ಮೊದಲು.

ಮುಂದಿನದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಬೆಟ್ಟದಲ್ಲಿ ರಾತ್ರಿ ತಣಿದ ಗಾಳಿ ಭಾರವಾಗಿ, ಅಡಿಕೆ ತೋಟದ ಕಾಲುವೆಯಲ್ಲಿ ನೀರು ಇಳಿಯುವ ಹಾಗೆ, ಕಣಿವೆಯತ್ತ ಹರಿಯುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಅದೇ ಗಾಳಿ ಇಳಿಜಾರನ್ನು ಹಿಡಿದು ಮೇಲೇರುತ್ತದೆ. ಇಷ್ಟು ನನಗೆ ಗೊತ್ತಿತ್ತು. ಗಾಳಿಯ ದಿಕ್ಕು ತಿಳಿಯಲು ಸಣ್ಣ ಬಾಟಲಿಯನ್ನು ಅದುಮಿ ಬಿಳಿ ಪುಡಿಯನ್ನು ಊದಿದೆ. ಪುಡಿ ಮೇಲಕ್ಕೆ ಏರಿತು. ಗಾಳಿ ದಿಕ್ಕು ಬದಲಿಸಿದೆ, ಇನ್ನು ಮೇಲಿನಿಂದ ಇಳಿದರೆ ಎಲ್ಕ್‌ನ ವಾಸನೆ ನನ್ನ ಕಡೆಗೆ ಬರುತ್ತದೆಯೇ ಹೊರತು ನನ್ನ ವಾಸನೆ ಅದಕ್ಕೆ ತಲುಪುವುದಿಲ್ಲ ಎಂದುಕೊಂಡು ಕೆಳಗಿಳಿದೆ. ಆದರೆ ನಾನು ಪುಡಿ ಊದಿದ್ದು ಏಣಿನ ದಕ್ಷಿಣದ ಅಂಚಿನಲ್ಲಿ, ಬಿಸಿಲು ಬಿದ್ದ ಹುಲ್ಲಿನ ಮೇಲೆ. ಇಳಿದದ್ದು ಉತ್ತರದ ನೆರಳಿಗೆ. ಸೆಪ್ಟೆಂಬರ್‌ನ ಓರೆ ಬಿಸಿಲು ಆ ಮರಗಳ ಬುಡಕ್ಕೆ ಇನ್ನೂ ತಾಕಿರಲಿಲ್ಲ, ನೆಲ ರಾತ್ರಿಯಷ್ಟೇ ತಣ್ಣಗಿತ್ತು, ಆದ್ದರಿಂದ ಅಲ್ಲಿನ ಗಾಳಿ ಇನ್ನೂ ಕೆಳಗೆ ಹರಿಯುತ್ತಲೇ ಇತ್ತು. ಒಂದೇ ಏಣಿನ ಎರಡು ಮಗ್ಗುಲಲ್ಲಿ, ಒಂದೇ ಹೊತ್ತಿನಲ್ಲಿ, ಗಾಳಿ ಎದುರುಬದುರಾಗಿ ಚಲಿಸುತ್ತದೆ ಎಂಬುದು ನನ್ನ ಲೆಕ್ಕದಲ್ಲಿರಲಿಲ್ಲ. ಮರಗಳ ಒಳಗೆ ಹೋದ ಮೇಲೆ ಇನ್ನೊಮ್ಮೆ ಪುಡಿ ಊದಿದ್ದರೆ ಆಗುತ್ತಿತ್ತು. ಬಾಟಲಿ ಜೇಬಿನಲ್ಲೇ ಇತ್ತು. ಕೊಂಬೆಗಳ ನಡುವೆ ಕೋಡಿನ ತುದಿಗಳು ಕಾಣಿಸಿದಾಗಲೇ ನನ್ನ ಬೆನ್ನ ಹಿಂದಿನಿಂದ ಕುತ್ತಿಗೆಗೆ ತಣ್ಣನೆಯ ಗಾಳಿ ಸೋಕಿತು. ಹೆಣ್ಣೊಂದು ನಾಯಿ ಬೊಗಳಿದಂತೆ ಒಮ್ಮೆ ಎಚ್ಚರಿಕೆಯ ದನಿ ಎತ್ತಿತು, ಇಡೀ ಹಿಂಡು ಒಣಕೊಂಬೆಗಳನ್ನು ಮುರಿಯುತ್ತಾ ಕಣಿವೆ ದಾಟಿ ಹೋಯಿತು. ಬೆದರಿದ ಎಲ್ಕ್ ಪಕ್ಕದ ಮರದ ಹಿಂದೆ ನಿಲ್ಲುವುದಿಲ್ಲ. ಮೈಲುಗಟ್ಟಲೆ ದೂರ ಹೋಗಿಬಿಡುತ್ತದೆ. ಆ ಸೀಸನ್ ಮುಗಿಯುವವರೆಗೂ ಆ ಕಾಡಿನಲ್ಲಿ ಮತ್ತೆ ಕೂಗು ಕೇಳಿಸಲಿಲ್ಲ.

ಆದ್ದರಿಂದ ದುಬಾರಿ ಬಿಲ್ಲಿಗೆ ತೆಗೆದಿಟ್ಟ ಹಣದಲ್ಲಿ ಒಳ್ಳೆಯ ಬೂಟು ಕೊಳ್ಳಿ, ಉಳಿದದ್ದನ್ನು ಬೇಸಿಗೆಯಲ್ಲಿ ಅದೇ ಬೆಟ್ಟಕ್ಕೆ ಮತ್ತೆ ಮತ್ತೆ ಹೋಗಿಬರುವ ಪೆಟ್ರೋಲಿಗೆ ಖರ್ಚುಮಾಡಿ. ಮೈವಾಸನೆ ಮುಚ್ಚುತ್ತದೆಂದು ಮಾರುವ ಸ್ಪ್ರೇಗಳನ್ನು ನಾನು ನಂಬುವುದಿಲ್ಲ. ಹತ್ತು ಸಾವಿರ ಅಡಿ ಎತ್ತರದಲ್ಲಿ ಏರಿಳಿಯುವ ಮನುಷ್ಯ ಬೆವರುತ್ತಾನೆ, ಎಲ್ಕ್‌ನ ಮೂಗಿಗೆ ಅಷ್ಟು ಸಾಕು.

ಮರುವರ್ಷ ಅದೇ ಇಳಿಜಾರಿಗೆ ಕತ್ತಲಿರುವಾಗಲೇ ಕೆಳಗಿನಿಂದ ಬಂದೆ. ಗಾಳಿ ಕೆಳಗಿಳಿಯುತ್ತಿತ್ತು, ನಾನು ಹಿಂಡಿನ ಅಡಿಯಲ್ಲಿದ್ದೆ. ಕೂಗಿಗೆ ಓಗೊಟ್ಟು ಬರುವ ಗಂಡು ನೇರವಾಗಿ ಬರುವುದು ಅಪರೂಪ, ಸುತ್ತುಹಾಕಿ ಗಾಳಿಯ ಕೆಳಬದಿಗೆ ಹೋಗಿ ಮೂಸಿ ನೋಡುತ್ತದೆ. ಹಾಗಾಗಿ ನನ್ನ ಕೆಳಗೆ ಬಿದ್ದ ಮರಗಳಿಂದ ತುಂಬಿದ ಕೊರಕಲು ಇರುವಂಥ ಜಾಗ ಹುಡುಕಿ ಮಂಡಿಯೂರಿದೆ. ಬಾಯೊಳಗಿನ ಪೀಪಿಯಿಂದ ಹೆಣ್ಣಿನ ದನಿಯನ್ನು ಮೆಲ್ಲಗೆ ಹೊರಡಿಸಿ ಸುಮ್ಮನಾದೆ. ಬಹಳ ಹೊತ್ತಿನ ನಂತರ ಅದು ಕೊರಕಲಿನ ಅಂಚು ಹಿಡಿದು ಬಂತು. ಅದರ ಕಣ್ಣು ದಪ್ಪ ಮರವೊಂದರ ಹಿಂದೆ ಮರೆಯಾದಾಗ ಹೆದೆ ಎಳೆದೆ. ಮರ ದಾಟಿ ಪಕ್ಕೆ ತೋರಿಸಿ ನಿಂತಿತು, ಮೂವತ್ತು ಗಜಕ್ಕಿಂತ ಹತ್ತಿರ. ಮುಂಗಾಲಿನ ಹಿಂದೆ, ಎರಡೂ ಶ್ವಾಸಕೋಶಗಳನ್ನು ಹಾದುಹೋಗುವಂತೆ ಬಾಣ ಬಿಟ್ಟೆ. ತಕ್ಷಣ ಎದ್ದು ಹಿಂಬಾಲಿಸಬಾರದು. ಪೆಟ್ಟು ತಿಂದ ಪ್ರಾಣಿಯನ್ನು ಎಬ್ಬಿಸಿ ಓಡಿಸುವುದು ಕ್ರೌರ್ಯ. ಅರ್ಧ ಗಂಟೆ ಕಾದು ಹೋದಾಗ, ಬಾಣದ ಗರಿಗೆ ನೊರೆನೊರೆಯಾದ ತಿಳಿಗೆಂಪು ರಕ್ತ ಅಂಟಿತ್ತು. ಅದು ಶ್ವಾಸಕೋಶದ ರಕ್ತ. ರಕ್ತದ ಜಾಡು ಉದ್ದವಿರಲಿಲ್ಲ. ಅದರ ಪಕ್ಕ ಕುಳಿತಾಗ ಸಂತೋಷಕ್ಕಿಂತ ಮೊದಲು ಬಂದದ್ದು ಕೃತಜ್ಞತೆ, ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮ ಊರಲ್ಲಿ ಶಿಕಾರಿ ನಿಂತಿತು, ನಿಲ್ಲಲೇಬೇಕಿತ್ತು. ಇಲ್ಲಿ ಪರವಾನಗಿಯ ಹಣದಿಂದಲೇ ವನ್ಯಜೀವಿ ಇಲಾಖೆಯ ಬಹಳಷ್ಟು ಕೆಲಸ ನಡೆಯುತ್ತದೆ.

ಗೈಡ್ ವಿಷಯಕ್ಕೆ ಬಂದರೆ, ನಿಮಗೆ ಬೇಡ. ರಾಜ್ಯದಲ್ಲಿ ಆರು ತಿಂಗಳು ನೆಲೆಸಿ ನಿವಾಸಿಯಾಗಿದ್ದರೆ ಹಲವು ವಲಯಗಳ ಬಿಲ್ಲುಬೇಟೆ ಪರವಾನಗಿ ನೇರವಾಗಿ ಸಿಗುತ್ತದೆ. ಹೊರರಾಜ್ಯದವರಿಗೆ 2025ರಿಂದ ಪಶ್ಚಿಮದ ಬೆಟ್ಟಗಳಲ್ಲಿ ಲಾಟರಿಯ ದಾರಿಯೊಂದೇ ಉಳಿದಿದೆ. 1949ರಲ್ಲಿ ಅಥವಾ ಅದರ ನಂತರ ಹುಟ್ಟಿದವರಿಗೆ ಬೇಟೆ ಶಿಕ್ಷಣದ ಪ್ರಮಾಣಪತ್ರ ಕಡ್ಡಾಯ, ಅದನ್ನು ಈಗಲೇ ಮುಗಿಸಿಕೊಳ್ಳಿ.

ಗೈಡ್‌ಗಿಂತ ನಿಮಗೆ ಬೇಕಾದವರು ಹೊರಲು ಬರುವ ಸ್ನೇಹಿತರು. ಬೆಳೆದ ಗಂಡು ಎಲ್ಕ್ 300 ಕಿಲೋ ಮೀರಿ ತೂಗುತ್ತದೆ, ಮೂಳೆ ಬಿಡಿಸಿದ ಮೇಲೂ ಮಾಂಸವೇ ಸುಮಾರು 90 ಕಿಲೋ. ವನ್ಯಪ್ರದೇಶದೊಳಗೆ ವಾಹನವಿರಲಿ, ಚಕ್ರದ ಕೈಗಾಡಿಗೂ ಅವಕಾಶವಿಲ್ಲ. ತಿನ್ನಬಹುದಾದ ಮಾಂಸವನ್ನು ಕೊಳೆಯಲು ಬಿಡುವುದು ಅಪರಾಧ. ಸೆಪ್ಟೆಂಬರ್‌ನ ಮಧ್ಯಾಹ್ನದ ಬಿಸಿಲಿಗೆ ಮಾಂಸ ಬೇಗ ಕೆಡುತ್ತದೆ. ಚರ್ಮ ಸುಲಿದು, ತೊಡೆಗಳನ್ನು ಬಿಡಿಸಿ, ಬಟ್ಟೆಯ ಚೀಲದಲ್ಲಿ ಹಾಕಿ, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿದ ಮೇಲೆಯೇ ಮೊದಲ ಹೊರೆ ಎತ್ತಬೇಕು. ನನ್ನೊಡನೆ ಬಂದ ಗೆಳೆಯ ಬಿಲ್ಲನ್ನು ಮುಟ್ಟಿದವನೂ ಅಲ್ಲ, ಆದರೆ ಕತ್ತಲಾದ ಮೇಲೂ ತಲೆಗೆ ದೀಪ ಕಟ್ಟಿಕೊಂಡು ಹಿಂದೊಡೆಯನ್ನು ಬೆನ್ನಿಗೇರಿಸಿ ನಡೆದ. ಅಂಥವರು ಒಬ್ಬರಾದರೂ ಒಪ್ಪುವವರೆಗೆ, ರಸ್ತೆಯಿಂದ ಎರಡು ಮೈಲಿಗಿಂತ ಒಳಗೆ ಬಾಣ ಹೂಡಬೇಡಿ.