ಭಾನುವಾರ ಸಂಜೆಯ ಫೋನು

ಹೆಸರು ಹೇಳುವುದಿಲ್ಲ. ಕಸುಬನ್ನೂ ಸ್ವಲ್ಪ ಬದಲಾಯಿಸಿದ್ದೇನೆ. ದಾವಣಗೆರೆಯ ಹಳೇಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ 48ರ ಗಂಡಸು ಅಂದುಕೊಳ್ಳಿ. ಅಂಗಡಿ ಹುಡುಗರು ಕರೆಯುವ ಹಾಗೆ ನಾನೂ ಇಲ್ಲಿ ‘ಸಾವ್ಕಾರ್ರು’ ಎನ್ನುತ್ತೇನೆ.

ನಾನು ಆಪ್ತಸಮಾಲೋಚಕಿ. ಅವರನ್ನು ನನ್ನ ಹತ್ತಿರ ಕರೆದುಕೊಂಡು ಬಂದದ್ದು ಹೆಂಡತಿ. "ಮೇಡಂ, ಭಾನುವಾರ ಬಂದ್ರೆ ಇವರು ರಾತ್ರಿ ಊಟ ಮಾಡಲ್ಲ. ಫೋನ್ ಮುಂದಿಟ್ಕೊಂಡು ಕೂತಿರ್ತಾರೆ" ಎಂದರು. ಸಾವ್ಕಾರ್ರು ಬಾಯಿ ಬಿಡಲಿಲ್ಲ. ಜೇಬಿನಿಂದ ಒಂದು ಬಿಳಿ ಗಾಲ್ಫ್ ಚೆಂಡು ತೆಗೆದು ಮೇಜಿನ ಮೇಲಿಟ್ಟರು. ಉರುಳಿ ಹೋಗದಂತೆ ಒಂದು ಬೆರಳನ್ನು ಅದರ ಮೇಲೆಯೇ ಇಟ್ಟುಕೊಂಡಿದ್ದರು. ಚೆಂಡಿನ ಮೈತುಂಬ ಸಣ್ಣ ಗುಳಿ. ಒಂದು ಕಡೆ ನೀಲಿ ಸ್ಕೆಚ್ ಪೆನ್ನಿನ ಎರಡು ಚುಕ್ಕೆ.

"ಇದು ಅವನ ಗುರುತು. ಎಲ್ಲರ ಚೆಂಡೂ ಬೆಳ್ಳಗಿರ್ತವಲ್ಲ, ಬೇರೆಯವರದ್ದು ಹೊಡೆದ್ರೆ ಎರಡು ಹೊಡೆತ ದಂಡ."

ಅವನು ಅಂದರೆ ಹೈಸ್ಕೂಲು ಮುಗಿಯುವ ತನಕ ಒಂದೇ ಬೆಂಚಿನಲ್ಲಿ ಕೂತ ಗೆಳೆಯ. ಕೆಲಸಕ್ಕೆಂದು ಬೆಂಗಳೂರಿಗೆ ಹೋದವನು ಮೂವತ್ತು ದಾಟಿದ ಮೇಲೆ ಗಾಲ್ಫ್ ಹಿಡಿದ. ಸುಮ್ನೆ ಹೊತ್ತು ಕಳೆಯಲು ಅಲ್ಲ, ಅವನಿಗೆ ಸ್ಪರ್ಧೆಯೇ ಬೇಕು. ಹವ್ಯಾಸಿಗಳ ಟೂರ್ನಿ ಎಲ್ಲಿದ್ದರೂ ಹೋಗುತ್ತಿದ್ದ. ಭಾನುವಾರ ಸಂಜೆ ಫೋನ್ ಮಾಡಿ 18 ಕುಳಿಗಳ ಕಥೆಯನ್ನೂ ಒಂದೂ ಬಿಡದೆ ಹೇಳುತ್ತಿದ್ದ. ಸಾವ್ಕಾರ್ರು ಸ್ಪೀಕರ್ ಹಾಕಿ, ಉದ್ರಿ ಲೆಕ್ಕ ಬರೆಯುತ್ತಾ "ಹೂಂ, ಹೂಂ" ಎನ್ನುತ್ತಿದ್ದರು. ಏಳು ತಿಂಗಳ ಹಿಂದೆ ಒಂದು ಭಾನುವಾರ ಫೋನ್ ಎತ್ತಲಿಲ್ಲ. ಲಾರಿ ಬಂದಿತ್ತು, ಮೂಟೆ ಇಳಿಸಬೇಕಿತ್ತು. ಮಂಗಳವಾರ ಬೆಳಗ್ಗೆ ಗೆಳೆಯನಿಗೆ ಹೃದಯಾಘಾತ.

ಈಗ ಹಳೇ ಸಹಪಾಠಿಗಳು ಸೇರಿ ಅವನ ನೆನಪಿಗೊಂದು ಕಾರ್ಯಕ್ರಮ ಇಟ್ಟಿದ್ದಾರೆ. ಇವರು ಎರಡು ಮಾತು ಆಡಬೇಕಂತೆ. "ಅವನ ಆಟ ನನಗೆ ತಿಳೀತಾನೇ ಇರಲಿಲ್ಲ ಮೇಡಂ. ಹೂಂ ಅಂದದ್ದೆಲ್ಲ ಸುಳ್ಳು. ಏನಂತ ನಿಂತು ಮಾತಾಡ್ಲಿ?"

"ನಿಮ್ಮ ತಪ್ಪೇನಿಲ್ಲ ಬಿಡಿ" ಎಂದು ನಾನು ಹೇಳಲಿಲ್ಲ. ಹೆಂಡತಿ, ತಮ್ಮ, ಪಕ್ಕದ ಅಂಗಡಿಯವರು ಎಲ್ಲರೂ ಅದನ್ನೇ ಹೇಳಿ ಆಗಿತ್ತು. ಹೇಳಿದಷ್ಟೂ ಇವರು ಒಳಗೊಳಗೇ ಮುದುಡಿದ್ದರು. ಇನ್ನು ಗಾಲ್ಫಿನಲ್ಲಿ ನಾನು ಸೊನ್ನೆ. ಅದೇ ಅನುಕೂಲವಾಯಿತು. "ನನಗೇನೂ ಗೊತ್ತಿಲ್ಲ, ಹೇಳಿಕೊಡಿ" ಎಂದೆ.

ಮುಕ್ಕಾಲು ಗಂಟೆ ಹೇಳಿದರು. ಕಡಿಮೆ ಹೊಡೆತದಲ್ಲಿ ಎಲ್ಲ ಕುಳಿಗೂ ಚೆಂಡು ಹಾಕಿದವನೇ ಗೆದ್ದ. ಚೀಲದಲ್ಲಿ 14 ಕೋಲಿಗಿಂತ ಜಾಸ್ತಿ ಇರುವಂತಿಲ್ಲ. ಜೊತೆಗೆ ಆಡುವವನೇ ನಮ್ಮ ಸ್ಕೋರ್ ಬರೆಯುತ್ತಾನೆ, ನಾವು ನೋಡಿ ಸಹಿ ಹಾಕಬೇಕು. ಒಂದು ಕುಳಿಗೆ ಹೊಡೆತ ಕಡಿಮೆ ಬರೆದದ್ದಕ್ಕೆ ಸಹಿ ಹಾಕಿದರೆ ಸ್ಪರ್ಧೆಯಿಂದಲೇ ಹೊರಗೆ. 2021ರ ಆಗಸ್ಟ್ 7ರಂದು, ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಕೊನೆಯ ಸುತ್ತು ಆಡುವಾಗ, ಗೆಳೆಯ ಬೆಳಬೆಳಗ್ಗೆ ಇವರನ್ನು ಎಬ್ಬಿಸಿ "ಲೇ, ಟೀವಿ ಹಾಕಲೇ" ಎಂದಿದ್ದ. ಒಂದೇ ಹೊಡೆತದಲ್ಲಿ ಕಂಚು ತಪ್ಪಿ ಆಕೆ ನಾಲ್ಕನೆಯವರಾದಾಗ ಫೋನಿನಲ್ಲೇ ಅತ್ತಿದ್ದ.

"ಇದೆಲ್ಲ ನಿಮಗೆ ಯಾರು ಹೇಳಿದ್ದು?"

"ಅವನೇ."

"ಲೆಕ್ಕ ಬರೀತಾ ಇದ್ರಲ್ಲ?"

ಬೆರಳು ಚೆಂಡಿನ ಮೇಲಿಂದ ಜಾರಿತು. ಚೆಂಡು ಉರುಳಿ ನನ್ನ ಫೈಲಿಗೆ ತಾಗಿ ನಿಂತಿತು. ಸಾವ್ಕಾರ್ರು ಅಳತೊಡಗಿದರು. ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ ಎಂದು ಹೆಂಡತಿ ಆಮೇಲೆ ಹೇಳಿದರು.

ಎರಡನೇ ಸಲ ಬಂದಾಗ ಅವರೇ ಒಂದು ನಿಯಮ ತೆಗೆದರು. ಚೆಂಡು ಕಳೆದರೆ ಮೊದಲು ಐದು ನಿಮಿಷ ಹುಡುಕಬಹುದಿತ್ತು, 2019ರಿಂದ ಮೂರೇ ನಿಮಿಷ. "ನಾನು ಏಳು ತಿಂಗಳು ಹುಡುಕ್ತಾ ಕೂತಿದೀನಿ." ನಾನು ಒಪ್ಪಲಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿಯ 2022ರ ಆವೃತ್ತಿ ಕೂಡ, ದೊಡ್ಡವರ ದುಃಖವನ್ನು ಕಾಯಿಲೆ ಎನ್ನುವ ಮೊದಲು 12 ತಿಂಗಳಾದರೂ ಕಾಯಿರಿ ಎನ್ನುತ್ತದೆ. ಹಾಗೆಂದು ಕಾಯುತ್ತಾ ಕೂರುವುದೂ ಅಲ್ಲ. ಸಾಯುವ ಯೋಚನೆ ಬರುತ್ತದಾ ಎಂದು ನೇರವಾಗಿಯೇ ಕೇಳಿದೆ, ಎಲ್ಲರನ್ನೂ ಕೇಳುತ್ತೇನೆ. ಇಲ್ಲ ಎಂದರು. ನಿದ್ದೆ, ಊಟ ಇನ್ನೂ ಕೆಟ್ಟರೆ ಮನೋವೈದ್ಯರನ್ನು ನೋಡಲೇಬೇಕು, ಅಪರಾತ್ರಿಯಲ್ಲಿ ತಡೆಯಲಾಗದಿದ್ದರೆ ಸರ್ಕಾರದ ಸಹಾಯವಾಣಿ ಟೆಲಿಮನಸ್‌ನ 14416ಕ್ಕೆ ಫೋನ್ ಮಾಡಬೇಕು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ ಎಂದು ಇಬ್ಬರಿಗೂ ಹೇಳಿದೆ.

ಭಾನುವಾರ ಸಂಜೆ ಫೋನ್ ಬಚ್ಚಿಡಲಾ ಎಂದು ಹೆಂಡತಿ ಕೇಳಿದರು. ಬೇಡ ಎಂದೆ. ಗೆಳೆಯನ ತಾಯಿ ವಿದ್ಯಾನಗರದಲ್ಲಿದ್ದಾರೆ. ಮುಖ ತೋರಿಸಲು ನಾಚಿಕೆಯೆಂದು ಇವರು ತಿಥಿಯಾದ ಮೇಲೆ ಆ ಕಡೆ ಕಾಲಿಟ್ಟಿಲ್ಲ. "ಅದೇ ಹೊತ್ತಿಗೆ ಅಲ್ಲಿಗೆ ಹೋಗಿ. ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಹೋಗಿ. ಚೆಂಡೂ ಜೇಬಲ್ಲಿರಲಿ" ಎಂದೆ. ಭಾಷಣಕ್ಕೆ ಅವನನ್ನು ದೊಡ್ಡ ಆಟಗಾರ ಮಾಡಬೇಕಿಲ್ಲ. ಸ್ಪೀಕರ್ ಫೋನು, ಉದ್ರಿ ಪುಸ್ತಕ, ಹೂಂ, ಇದ್ದದ್ದು ಇದ್ದ ಹಾಗೆ ಹೇಳಲಿ. ಎತ್ತದ ಫೋನಿನ ವಿಷಯ ಬಾಯಿಗೆ ಬಂದರೆ ಹೇಳಲಿ, ಬರದಿದ್ದರೆ ಬಿಡಲಿ.

ಮೂರನೇ ಸಲ ಒಬ್ಬರೇ ಬಂದರು. ಹೋಗಿದ್ದರಂತೆ. ಆ ತಾಯಿ ಎರಡು ಚುಕ್ಕೆ ಯಾಕೆ ಎಂದು ಕೇಳಿದರಂತೆ. ಇವರು ಮೊದಲಿಂದ ಹೇಳಲು ಶುರು ಮಾಡಿದರೆ, ಆಕೆ ಅವರೆಕಾಯಿ ಸುಲಿಯುತ್ತಾ "ಹೂಂ, ಹೂಂ" ಎನ್ನುತ್ತಿದ್ದರಂತೆ.

ಭಾಷಣ ಇನ್ನೂ ಬರೆದಿಲ್ಲ. ಕಾರ್ಯಕ್ರಮಕ್ಕೆ ಎರಡು ವಾರ ಇದೆ.